ಮೂಗಿಗಿಂತ ಮೂಗುತಿ ಭಾರ

ವಿದ್ಯುತ್ ವಾಹನಗಳನ್ನು ಕುರಿತ ಸಾರ್ವಜನಿಕ ಚರ್ಚೆ ಈವರೆಗೂ ಬ್ಯಾಟರಿಯ ಸುತ್ತಲೇ ಗಿರಕಿ ಹೊಡೆದಿದೆ. ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ದೂರ ಓಡುತ್ತದೆ, ಚಾರ್ಜ್ ಆಗಲು ಎಷ್ಟು ಹೊತ್ತು ಬೇಕು, ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆ ಎಂಬ ಮೂರು ಪ್ರಶ್ನೆಗಳನ್ನು ದಾಟಿ ಮಾತು ಮುಂದೆ ಹೋದದ್ದು ವಿರಳ. ಆ ಬ್ಯಾಟರಿಯ ಭಾರವನ್ನೆಲ್ಲ ಹೊತ್ತು ನಡೆಯುವ ನಾಲ್ಕು ಟೈರುಗಳ ಬಗ್ಗೆ ಕೇಳಿದವರು ಇನ್ನೂ ಕಡಿಮೆ. ವಾಹನ ಕೊಳ್ಳುವಾಗ ಟೈರು ಅದರ ಜೊತೆಗೇ ಬರುತ್ತದೆ. ಆಯ್ಕೆಯ ಪ್ರಶ್ನೆಯೇ ಏಳುವುದಿಲ್ಲ. ಪ್ರಶ್ನೆ ಏಳುವುದು ಅದು ಸವೆದಾಗ.

ಅಮೆರಿಕದಲ್ಲಿ ಆ ಪ್ರಶ್ನೆ ಈಗ ಸಾವಿರಾರು ಮನೆಗಳ ಬಾಗಿಲಿಗೆ ಬಂದಿದೆ. ರಿವಿಯನ್ ಸಂಸ್ಥೆಯ ಆರ್‌1ಟಿ ಪಿಕ್‌ಅಪ್ ಟ್ರಕ್ಕು 2021ರ ಸೆಪ್ಟೆಂಬರ್‌ನಲ್ಲಿ ಗ್ರಾಹಕರ ಕೈಸೇರತೊಡಗಿತು. ಅದೇ ವರ್ಷದ ಕೊನೆಯಲ್ಲಿ ಜಿಎಂಸಿ ಹಮ್ಮರ್‌ನ ವಿದ್ಯುತ್ ಆವೃತ್ತಿಯೂ 2022ರಲ್ಲಿ ಫೋರ್ಡ್‌ನ ಎಫ್-150 ಲೈಟ್ನಿಂಗ್ ಟ್ರಕ್ಕೂ ರಸ್ತೆಗಿಳಿದವು. ಈ ಪೈಕಿ ಲೈಟ್ನಿಂಗ್‌ನ ಪೂರ್ಣ ವಿದ್ಯುತ್ ಮಾದರಿಯನ್ನು ಕೈಬಿಡುವುದಾಗಿ ಫೋರ್ಡ್ 2025ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ಆದರೆ ಕಾರ್ಖಾನೆ ಬಾಗಿಲು ಹಾಕಿದರೂ ಮಾರಾಟವಾದ ಟ್ರಕ್ಕು ಓಡುತ್ತಲೇ ಇರುತ್ತದೆ. ಇನ್ನೂ ಹತ್ತು ಹದಿನೈದು ವರ್ಷ ಅದಕ್ಕೆ ಟೈರು ಬೇಕೇ ಬೇಕು. ಕ್ಯಾಲಿಫೋರ್ನಿಯ, ವಾಷಿಂಗ್ಟನ್, ಕೊಲರಾಡೊ ರಾಜ್ಯಗಳಲ್ಲಿ ನೆಲೆಸಿರುವ ನಮ್ಮವರಲ್ಲೂ ಇಂಥ ವಾಹನಗಳ ಒಡೆಯರಿದ್ದಾರೆ. ಡಾಂಬರು ರಸ್ತೆಗೂ ಕಲ್ಲುಮಣ್ಣಿನ ಹಾದಿಗೂ ಒದಗುವಂತೆ ರೂಪಿಸಿದ ದಪ್ಪ ಹಲ್ಲಿನ ಆಲ್-ಟೆರೇನ್ ಟೈರುಗಳಲ್ಲಿ ಯಾವುದನ್ನು ಆರಿಸಬೇಕು ಎಂಬುದು ಮೇಲ್ನೋಟಕ್ಕೆ ಅಂಗಡಿಯ ವ್ಯವಹಾರ. ಒಳಹೊಕ್ಕು ನೋಡಿದರೆ ಅಲ್ಲಿ ಅರ್ಥಶಾಸ್ತ್ರವೂ ಸಾರ್ವಜನಿಕ ನೀತಿಯೂ ಅಡಗಿವೆ.

ಮೊದಲು ಭಾರದ ಮಾತು. ರಿವಿಯನ್ ಟ್ರಕ್ಕಿನ ಬರಿಯ ತೂಕವೇ ಸುಮಾರು 3,200 ಕಿಲೋಗ್ರಾಂ. ಹಮ್ಮರ್ 4,100 ಕಿಲೋಗ್ರಾಂ ತೂಗುತ್ತದೆ. ಅದರಲ್ಲಿ ಬ್ಯಾಟರಿಯೊಂದರ ಪಾಲೇ ಸುಮಾರು 1,300 ಕಿಲೋಗ್ರಾಂ. ಅರ್ಥಾತ್, ನಮ್ಮಲ್ಲಿನ ಮಧ್ಯಮ ಗಾತ್ರದ ಇಡೀ ಕಾರಿನಷ್ಟು ಭಾರವನ್ನು ಆ ವಾಹನ ಬ್ಯಾಟರಿಯ ರೂಪದಲ್ಲೇ ಹೊತ್ತು ತಿರುಗುತ್ತದೆ. ಮೂಗಿಗಿಂತ ಮೂಗುತಿ ಭಾರ ಎಂಬ ಗಾದೆ ಇಲ್ಲಿ ಅಕ್ಷರಶಃ ಅಲ್ಲದಿದ್ದರೂ ಅರ್ಥದಲ್ಲಿ ನಿಜ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ಅಧ್ಯಕ್ಷೆ ಜೆನಿಫರ್ ಹೊಮೆಂಡಿ ಅವರು 2023ರ ಜನವರಿಯಲ್ಲಿ ಸಾರಿಗೆ ತಜ್ಞರ ಸಭೆಯೊಂದರಲ್ಲಿ, ಹೆಚ್ಚುತ್ತಿರುವ ಈ ತೂಕ ರಸ್ತೆ ಸುರಕ್ಷತೆಗೆ ಒಡ್ಡಬಹುದಾದ ಅಪಾಯದ ಬಗ್ಗೆ ಆತಂಕ ವ್ಯಕ್ತಪಡಿಸಿದ್ದರು. ಭಾರದ ಜೊತೆಗೆ ವಿದ್ಯುತ್ ಮೋಟಾರಿನ ದಿಢೀರ್ ಎಳೆತವೂ ಸೇರಿಕೊಳ್ಳುತ್ತದೆ. ಎಂಜಿನ್ ವಾಹನದಲ್ಲಿ ಕ್ರಮೇಣ ಏರುವ ಬಲ ಇಲ್ಲಿ ಪಾದ ಒತ್ತಿದ ಕ್ಷಣವೇ ಚಕ್ರಕ್ಕೆ ತಲುಪುತ್ತದೆ. ಭಾರ ಮತ್ತು ಎಳೆತ ಎರಡರ ಹೊಡೆತವನ್ನೂ ತಿನ್ನುವುದು ಟೈರು. ವಿದ್ಯುತ್ ವಾಹನಗಳ ಟೈರು ಬೇಗ ಸವೆಯುತ್ತದೆ ಎಂಬುದನ್ನು ಟೈರು ಉದ್ಯಮವೇ ಒಪ್ಪಿಕೊಂಡಿದೆ.

ಹಾಗಾದರೆ ಕೊಳ್ಳುವವನು ಮೊದಲು ನೋಡಬೇಕಾದದ್ದು ಏನನ್ನು? ಹೆಸರನ್ನಲ್ಲ, ಹಲ್ಲಿನ ವಿನ್ಯಾಸವನ್ನೂ ಅಲ್ಲ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಅಂಕೆಗಳನ್ನು. ರಿವಿಯನ್ ಟ್ರಕ್ಕಿಗೆ ಕಾರ್ಖಾನೆಯಲ್ಲಿ ತೊಡಿಸಿದ 20 ಇಂಚಿನ ಆಲ್-ಟೆರೇನ್ ಟೈರಿನ ಮೇಲೆ 275/65 ಆರ್ 20 ಎಂಬ ಅಳತೆಯ ಮುಂದೆ 116 ಎಚ್ ಎಂದು ಬರೆದಿರುತ್ತದೆ. 275 ಎಂದರೆ ಮಿಲಿಮೀಟರ್ ಲೆಕ್ಕದಲ್ಲಿ ಅಗಲ. 65 ಎಂದರೆ ಅಗಲಕ್ಕೆ ಹೋಲಿಸಿದಾಗ ಎತ್ತರದ ಶೇಕಡಾವಾರು ಪ್ರಮಾಣ. 20 ಎಂದರೆ ರಿಮ್ಮಿನ ವ್ಯಾಸ. ಎಚ್ ಅಕ್ಷರ ಗಂಟೆಗೆ 210 ಕಿಲೋಮೀಟರ್ ವೇಗದ ಮಿತಿಯನ್ನು ಸೂಚಿಸುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದದ್ದು 116 ಎಂಬ ಭಾರಸೂಚಿ. ಅದು ಕಿಲೋಗ್ರಾಂ ಅಲ್ಲ. ಅಂತರರಾಷ್ಟ್ರೀಯ ಕೋಷ್ಟಕವೊಂದರಲ್ಲಿನ ಸಂಕೇತ. 116 ಎಂದರೆ ಒಂದು ಟೈರು 1,250 ಕಿಲೋಗ್ರಾಂ ಹೊರಬಲ್ಲದು. 112 ಎಂದರೆ 1,120 ಕಿಲೋಗ್ರಾಂ, 126 ಎಂದರೆ 1,700 ಕಿಲೋಗ್ರಾಂ.

ಲೆಕ್ಕ ಸರಳವಾಗಿದೆ. ಜನ ಮತ್ತು ಸಾಮಾನು ತುಂಬಿಕೊಂಡಾಗ ಈ ಟ್ರಕ್ಕಿಗೆ ಅನುಮತಿಸಿರುವ ಒಟ್ಟು ತೂಕ ಸುಮಾರು 3,870 ಕಿಲೋಗ್ರಾಂ. ನಾಲ್ಕರಿಂದ ಭಾಗಿಸಿದರೆ ಒಂದು ಚಕ್ರದ ಪಾಲಿಗೆ ಸುಮಾರು 970 ಕಿಲೋಗ್ರಾಂ. ಆದರೆ ಭಾರ ಎಂದೂ ಸಮನಾಗಿ ಹಂಚಿಕೆಯಾಗುವುದಿಲ್ಲ. ಹಿಂದೆ ಸಾಮಾನು ತುಂಬಿದಾಗ, ಟ್ರೇಲರ್ ಎಳೆಯುವಾಗ ಹಿಂದಿನ ಅಚ್ಚಿನ ಮೇಲೆ ಹೊರೆ ಹೆಚ್ಚುತ್ತದೆ. ತಿರುವಿನಲ್ಲಿ ಹೊರಬದಿಯ ಚಕ್ರಕ್ಕೆ, ಬ್ರೇಕ್ ಹಾಕಿದಾಗ ಮುಂದಿನ ಚಕ್ರಗಳಿಗೆ ಅದು ವರ್ಗವಾಗುತ್ತದೆ. ಸಾಲದೆಂಬಂತೆ, ಕಾರಿನ ವರ್ಗದ ಟೈರನ್ನು ಲಘು ಟ್ರಕ್ಕಿಗೆ ತೊಡಿಸಿದರೆ ಅದರ ಸಾಮರ್ಥ್ಯವನ್ನು 1.1ರಿಂದ ಭಾಗಿಸಬೇಕೆಂದು ಅಮೆರಿಕದ ಸುರಕ್ಷತಾ ನಿಯಮ ಹೇಳುತ್ತದೆ. ಆಗ 1,250 ಕಿಲೋಗ್ರಾಂ 1,136ಕ್ಕೆ ಇಳಿಯುತ್ತದೆ. 112ರ ಭಾರಸೂಚಿಯ ಟೈರಾದರೆ ಉಳಿಯುವುದು ಸುಮಾರು 1,020 ಮಾತ್ರ. ಅಳತೆ ಒಂದೇ, ರಿಮ್ಮಿಗೆ ಸರಿಯಾಗಿ ಕೂರುತ್ತದೆ, ಬೆಲೆಯೂ ಕಡಿಮೆ ಎಂದು ಕೆಳಗಿನ ಭಾರಸೂಚಿಯ ಟೈರನ್ನು ಕೊಳ್ಳುವವನು ಉಳಿಸುವುದು ಹಣವನ್ನಲ್ಲ, ಕಳೆದುಕೊಳ್ಳುವುದು ಸುರಕ್ಷತೆಯ ಅಂತರವನ್ನು. ಮೀರಿದ ಭಾರಕ್ಕೆ ಟೈರು ಒಳಗಿಂದೊಳಗೆ ಬಿಸಿಯಾಗುತ್ತದೆ. ಬಿಸಿಯಾದ ಟೈರು ಬೇಸಿಗೆಯ ಹೆದ್ದಾರಿಯಲ್ಲಿ ಮುನ್ಸೂಚನೆಯಿಲ್ಲದೆ ಸಿಡಿಯಬಹುದು.

ಇದಕ್ಕೆ ತದ್ವಿರುದ್ಧವಾದ ತಪ್ಪು ತಿಳಿವಳಿಕೆಯೂ ಉಂಟು. ಕೊಲರಾಡೊದಲ್ಲಿರುವ ನನ್ನ ಬಂಧುವೊಬ್ಬರು ಟೈರು ವಿಚಾರಿಸಲು ಹೋದಾಗ ಒಂದು ಅಂಗಡಿಯವರು ಮೂಲ ವರ್ಗದ ಟೈರೇ ಸಾಕೆಂದರು. ಇನ್ನೊಂದು ಅಂಗಡಿಯವರು ಇಷ್ಟು ಭಾರದ ವಾಹನಕ್ಕೆ ಲಘು ಟ್ರಕ್ ವರ್ಗದ, ಹತ್ತು ಪದರದ ಬಲವುಳ್ಳ ಇ ಶ್ರೇಣಿಯ ಟೈರಲ್ಲದೆ ಬೇರೆ ಗತಿಯಿಲ್ಲ ಎಂದರು. ಎರಡನೆಯ ಉತ್ತರ ಕೇಳಲು ವಿವೇಕದಂತೆ ತೋರುತ್ತದೆ. ಆದರೆ ಇ ಶ್ರೇಣಿಯ ಟೈರು ತನ್ನ ಪೂರ್ಣ ಸಾಮರ್ಥ್ಯವನ್ನು ಕೊಡುವುದು 80 ಪಿಎಸ್‌ಐ ಗಾಳಿ ತುಂಬಿದಾಗ. ರಿವಿಯನ್ ಶಿಫಾರಸು ಮಾಡುವ ಒತ್ತಡ 48 ಪಿಎಸ್‌ಐ. ಆ ಒತ್ತಡದಲ್ಲಿ ಇ ಶ್ರೇಣಿಯ ಟೈರು ಹೊರಬಲ್ಲ ಭಾರ ಅದರ ಪಕ್ಕದಲ್ಲಿ ಬರೆದ ಗರಿಷ್ಠ ಅಂಕೆಗಿಂತ ಬಹಳ ಕಡಿಮೆ. ಗಾಳಿ ಹೆಚ್ಚಿಸಿದರೆ ಸವಾರಿ ಗಡುಸಾಗುತ್ತದೆ. ಆ ಟೈರೇ ಒಂದೊಂದೂ ಕೆಲವು ಕಿಲೋಗ್ರಾಂ ಹೆಚ್ಚು ತೂಗುವುದರಿಂದ ಓಟದ ದೂರವೂ ಕುಗ್ಗುತ್ತದೆ. ಚೂಪುಕಲ್ಲಿನ ಹಾದಿಯಲ್ಲಿ ದಿನನಿತ್ಯ ಸಂಚರಿಸುವವನಿಗೆ, ಭಾರದ ಟ್ರೇಲರನ್ನು ಪದೇ ಪದೇ ಎಳೆಯುವವನಿಗೆ ಅದರ ದಪ್ಪ ಪಕ್ಕ ನಿಜಕ್ಕೂ ರಕ್ಷಣೆ. ಕಚೇರಿಗೂ ತರಕಾರಿ ಅಂಗಡಿಗೂ ಹೋಗಿಬರುವವನಿಗೆ ಅದು ತಲೆಗಿಂತ ದೊಡ್ಡ ರುಮಾಲು. ಹೆಚ್ಚು ಎಂಬುದೆಲ್ಲ ಉತ್ತಮ ಎಂದಲ್ಲ. ಅಗತ್ಯಕ್ಕೆ ತಕ್ಕದ್ದು ಉತ್ತಮ.

ಓಟದ ದೂರದ ವಿಷಯವನ್ನು ಅಂಕಿಅಂಶದಲ್ಲೇ ನೋಡೋಣ. ಟೈರು ಉರುಳುವಾಗ ಪ್ರತಿ ಸುತ್ತಿನಲ್ಲೂ ರಬ್ಬರು ಕುಗ್ಗಿ ಹಿಗ್ಗಿ, ಒಂದಿಷ್ಟು ಶಕ್ತಿ ಶಾಖವಾಗಿ ಪೋಲಾಗುತ್ತದೆ. ಇದೇ ಉರುಳು ಪ್ರತಿರೋಧ. ವಾಹನದ ಭಾರ ಹೆಚ್ಚಿದಂತೆ ಈ ನಷ್ಟವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಉದಾಹರಣೆಗೆ, ನುಣುಪಾದ ಹೆದ್ದಾರಿ ಟೈರಿನ ಪ್ರತಿರೋಧದ ಗುಣಾಂಕ 0.008 ಮತ್ತು ದಪ್ಪ ಹಲ್ಲಿನ ಟೈರಿನದು 0.011 ಎಂದಿಟ್ಟುಕೊಳ್ಳೋಣ. ಸವಾರರೂ ಸೇರಿ 3,300 ಕಿಲೋಗ್ರಾಂ ತೂಗುವ ವಾಹನಕ್ಕೆ ಈ ಪುಟ್ಟ ವ್ಯತ್ಯಾಸ ಪ್ರತಿ ನೂರು ಕಿಲೋಮೀಟರಿಗೆ ಸುಮಾರು 2.7 ಯೂನಿಟ್ ವಿದ್ಯುತ್ತಾಗಿ ಪರಿಣಮಿಸುತ್ತದೆ. ಚಾರ್ಜಿಂಗ್ ಮತ್ತು ಮೋಟಾರಿನ ನಷ್ಟ ಸೇರಿಸಿದರೆ ಸುಮಾರು ಮೂರು ಯೂನಿಟ್. ನೂರು ಕಿಲೋಮೀಟರಿಗೆ ಮೂವತ್ತು ಯೂನಿಟ್ ಬಳಸುವ ವಾಹನಕ್ಕೆ ಇದು ಶೇ 10ರಷ್ಟು ಹೆಚ್ಚುವರಿ ಖರ್ಚು. ಹಲ್ಲುಗಳು ಎಬ್ಬಿಸುವ ಗಾಳಿಯ ಅಡಚಣೆ ಬೇರೆ. ಆಲ್-ಟೆರೇನ್ ಟೈರಿನಿಂದ ಓಟದ ದೂರ ಶೇ 10ರಿಂದ 15ರಷ್ಟು ಕಡಿಮೆಯಾಗುತ್ತದೆಂದು ತಯಾರಕ ಸಂಸ್ಥೆ ಆರಂಭದಲ್ಲೇ ತಿಳಿಸಿತ್ತು. ಅಂದರೆ 500 ಕಿಲೋಮೀಟರ್ ಓಡಬೇಕಾದ ಟ್ರಕ್ಕು 425 ಅಥವಾ 450ಕ್ಕೇ ನಿಲ್ಲುತ್ತದೆ.

ಒಂದು ಜೊತೆ ಟೈರು 60,000 ಕಿಲೋಮೀಟರ್ ಬಾಳಿತು ಎಂದುಕೊಂಡರೆ ಹೆಚ್ಚುವರಿ ವಿದ್ಯುತ್ತು 1,800 ಯೂನಿಟ್. ಮನೆಯ ದರ ಯೂನಿಟ್ಟಿಗೆ 16 ಸೆಂಟ್ ಎಂದು ಹಿಡಿದರೂ 288 ಡಾಲರ್. ಹೆದ್ದಾರಿಯ ವೇಗದ ಚಾರ್ಜರುಗಳಲ್ಲಾದರೆ ಅದರ ಎರಡು ಮೂರು ಪಟ್ಟು. ಅಂಗಡಿಯಲ್ಲಿ ಐವತ್ತು ಡಾಲರ್ ಚೌಕಾಶಿ ಮಾಡಿ ಗೆದ್ದೆನೆಂದು ಬೀಗುವ ಗ್ರಾಹಕ ಈ ಮೊತ್ತವನ್ನು ಎಂದೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಏಕೆಂದರೆ ಅದು ಒಂದೇ ರಸೀದಿಯಲ್ಲಿ ಕಾಣಿಸುವುದಿಲ್ಲ. ವರ್ಷಗಟ್ಟಲೆ ವಿದ್ಯುತ್ ಬಿಲ್ಲಿನಲ್ಲಿ ಹನಿಹನಿಯಾಗಿ ಸೋರಿಹೋಗುತ್ತದೆ. ಈ ವಿಷಯದಲ್ಲಿ ನಮ್ಮ ರಸ್ತೆ ಸಾರಿಗೆ ನಿಗಮಗಳ ಡಿಪೊಗಳು ಶಿಕ್ಷಿತ ಗ್ರಾಹಕನಿಗಿಂತ ಜಾಣತನ ತೋರುತ್ತವೆ. ಅಲ್ಲಿ ಟೈರನ್ನು ಅಳೆಯುವುದು ಬೆಲೆಯಿಂದಲ್ಲ, ಅದು ಎಷ್ಟು ಕಿಲೋಮೀಟರ್ ಓಡಿತು, ಎಷ್ಟು ಬಾರಿ ಮರುಟ್ರೆಡ್ ಆಯಿತು, ಕಿಲೋಮೀಟರಿಗೆ ಎಷ್ಟು ಪೈಸೆ ಬಿತ್ತು ಎಂಬ ದಾಖಲೆಯಿಂದ. ಸರ್ಕಾರಿ ಖರೀದಿಯಲ್ಲಿ ಕನಿಷ್ಠ ದರದ ಟೆಂಡರೇ ಅತ್ಯುತ್ತಮವೆಂಬ ಭ್ರಮೆಯನ್ನು ಸೇವಾವಧಿಯುದ್ದಕ್ಕೂ ಕಂಡ ನನಗೆ, ಬಾಳಿಕೆಯ ಒಟ್ಟು ವೆಚ್ಚವೆಂಬ ಈ ಲೆಕ್ಕ ಖಾಸಗಿ ಮನೆಗಳಲ್ಲೂ ಅಷ್ಟೇ ಅಪರೂಪವೆಂಬುದು ಆಶ್ಚರ್ಯ ತಂದಿಲ್ಲ.

ಹಾಗಿದ್ದರೂ ದಪ್ಪ ಹಲ್ಲಿನ ಟೈರು ಬೇಡವೇ ಬೇಡ ಎನ್ನಲಾಗದು. ಪ್ರದೇಶದ ಅಗತ್ಯ ಬೇರೆ ಬೇರೆ. ಕೊಲರಾಡೊದ ಅಂತರರಾಜ್ಯ ಹೆದ್ದಾರಿ 70ರ ಪರ್ವತ ಭಾಗದಲ್ಲಿ ಸೆಪ್ಟೆಂಬರ್‌ನಿಂದ ಮೇ ತಿಂಗಳವರೆಗೆ ನಾಲ್ಕೂ ಚಕ್ರಗಳಿಗೆ ಚಾಲನೆಯಿರುವ ವಾಹನದ ಟೈರಿನಲ್ಲೂ ಸುಮಾರು 4.8 ಮಿಲಿಮೀಟರ್ ಹಲ್ಲು ಉಳಿದಿರಬೇಕೆಂಬ ಕಾನೂನಿದೆ. ಬೇರೆಡೆ ಸಾಮಾನ್ಯವಾಗಿ ಅಂಗೀಕೃತವಾದ ಕನಿಷ್ಠ ಮಿತಿ 1.6 ಮಿಲಿಮೀಟರ್. ಆದ್ದರಿಂದ ಹಿಮದ ನಾಡಿನಲ್ಲಿ ಟೈರಿನ ಉಪಯುಕ್ತ ಆಯಸ್ಸೇ ಚಿಕ್ಕದು. ಆಳವಾದ ಹಲ್ಲಿನೊಂದಿಗೆ ಆರಂಭಿಸುವುದಕ್ಕೆ ಅಲ್ಲಿ ಅರ್ಥವಿದೆ. ಟೈರಿನ ಮೇಲೆ ಮೂರು ಶಿಖರಗಳ ನಡುವೆ ಹಿಮಹರಳಿನ ಚಿಹ್ನೆಯಿದ್ದರೆ, ನಿಗದಿತ ಪರೀಕ್ಷೆಯಲ್ಲಿ ಅದು ಹಿಮದ ಮೇಲೆ ಹಿಡಿತ ತೋರಿದೆ ಎಂದರ್ಥ. ಬರಿಯ ಕೆಸರು ಮತ್ತು ಹಿಮ ಎಂಬ ಅಕ್ಷರಗಳ ಮುದ್ರೆಗೆ ಅಷ್ಟು ಬೆಲೆಯಿಲ್ಲ; ಅದು ಹಲ್ಲಿನ ವಿನ್ಯಾಸವನ್ನು ಕುರಿತ ತಯಾರಕನ ಹೇಳಿಕೆ ಮಾತ್ರ. ಆ ಹಿಮಹರಳಿನ ಪರೀಕ್ಷೆಯೂ ಅಳೆಯುವುದು ವಾಹನ ಮುಂದಕ್ಕೆ ಚಲಿಸುವಾಗಿನ ಹಿಡಿತವನ್ನು. ಮಂಜುಗಡ್ಡೆಯ ಮೇಲೆ ಅದು ಎಷ್ಟು ಬೇಗ ನಿಲ್ಲುತ್ತದೆ ಎಂಬುದನ್ನಲ್ಲ. ಮೂರು ಟನ್ನಿನ ವಾಹನದ ಒಡೆಯ ಈ ಭೇದವನ್ನು ಮರೆಯಬಾರದು.

ಆದರೆ ಹಿಮ ಕಾಣದ, ಕಲ್ಲಿನ ಹಾದಿ ತುಳಿಯದ ದಕ್ಷಿಣ ಕ್ಯಾಲಿಫೋರ್ನಿಯದ ಬಡಾವಣೆಗಳಲ್ಲೂ ಇದೇ ಟೈರುಗಳು ಕಾಣಸಿಗುತ್ತವಲ್ಲ, ಅದಕ್ಕೆ ಏನು ಸಮಜಾಯಿಷಿ? ಅರ್ಥಶಾಸ್ತ್ರಜ್ಞ ಥಾರ್ಸ್ಟೈನ್ ವೆಬ್ಲೆನ್ 1899ರಲ್ಲೇ ಉತ್ತರ ಕೊಟ್ಟಿದ್ದಾನೆ. ಉಪಯೋಗಕ್ಕಲ್ಲದೆ ನೋಡುವವರ ಕಣ್ಣಿಗಾಗಿ ಮಾಡುವ ವ್ಯಯವನ್ನು ಆತ ಪ್ರದರ್ಶನದ ಅನುಭೋಗವೆಂದು ಕರೆದ. ಕಾಡುಮೇಡು ಸುತ್ತುವ ಸಾಹಸಿಯ ವೇಷಕ್ಕೆ ದಪ್ಪ ಹಲ್ಲಿನ ಟೈರು ಒಪ್ಪುವ ಆಭರಣ. ವೇಷ ಅವರವರ ಇಷ್ಟ ಎಂದು ಬಿಡಬಹುದಿತ್ತು, ಅದರ ಖರ್ಚನ್ನು ಅವರೊಬ್ಬರೇ ಭರಿಸುವಂತಿದ್ದರೆ.

ಇಲ್ಲಿ ಎರಡು ನೀತಿ ವೈಫಲ್ಯಗಳು ಎದ್ದು ಕಾಣುತ್ತವೆ. ಮೊದಲನೆಯದು ಮಾಹಿತಿಯದು. ಮಾರುವವನಿಗೆ ತಿಳಿದದ್ದು ಕೊಳ್ಳುವವನಿಗೆ ತಿಳಿಯದಿದ್ದಾಗ ಮಾರುಕಟ್ಟೆಯಲ್ಲಿ ಒಳ್ಳೆಯ ಸರಕು ಸೋಲುತ್ತದೆಂದು ಜಾರ್ಜ್ ಅಕರ್ಲಾಫ್ 1970ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ತೋರಿಸಿದರು. ಟೈರು ಅದಕ್ಕೆ ತಕ್ಕ ನಿದರ್ಶನ; ಅದರ ಗುಣವೆಲ್ಲ ಕಪ್ಪು ರಬ್ಬರಿನೊಳಗೆ ಅಡಗಿರುತ್ತದೆ. ಅಮೆರಿಕದಲ್ಲಿ ಸವೆತ, ಹಿಡಿತ ಮತ್ತು ಶಾಖ ಸಹಿಷ್ಣುತೆಯ ದರ್ಜೆಯನ್ನು ಟೈರಿನ ಮೇಲೆ ಮುದ್ರಿಸಬೇಕೆಂಬ ನಿಯಮ ದಶಕಗಳಿಂದ ಇದೆ. ಆದರೆ ಲಘು ಟ್ರಕ್ ವರ್ಗದ ಟೈರಿಗೆ ಅದು ಅನ್ವಯಿಸುವುದಿಲ್ಲ. ಉರುಳು ಪ್ರತಿರೋಧದ ಮಾಹಿತಿಯನ್ನು ಗ್ರಾಹಕನಿಗೆ ಕೊಡಬೇಕೆಂದು ಅಲ್ಲಿನ ಸಂಸತ್ತು 2007ರ ಇಂಧನ ಕಾಯ್ದೆಯಲ್ಲಿ ಆದೇಶಿಸಿತು. 2010ರಲ್ಲಿ ಪರೀಕ್ಷಾ ವಿಧಾನವೂ ನಿಗದಿಯಾಯಿತು. ಅಂಗಡಿಯಲ್ಲಿ ಕಣ್ಣಿಗೆ ಬೀಳುವ ದರ್ಜೆಪಟ್ಟಿ ಮಾತ್ರ ಬರಲಿಲ್ಲ. ಐರೋಪ್ಯ ಒಕ್ಕೂಟದಲ್ಲಿ 2012ರಿಂದಲೇ ಟೈರಿಗೆ ಚೀಟಿ ಅಂಟಿಸುವ ಪದ್ಧತಿಯಿದೆ. 2021ರ ಮೇ ತಿಂಗಳಿನಿಂದ ಜಾರಿಯಾದ ಪರಿಷ್ಕೃತ ಚೀಟಿಯಲ್ಲಿ ಇಂಧನ ದಕ್ಷತೆ, ಒದ್ದೆ ರಸ್ತೆಯ ಹಿಡಿತ, ಸದ್ದು ಮೂರನ್ನೂ ತಿಳಿಸಬೇಕು; ಕಾರು, ವ್ಯಾನು, ಭಾರಿ ಲಾರಿ ಎಲ್ಲದರ ಟೈರಿಗೂ ಅದು ಅನ್ವಯ.

ಎರಡನೆಯ ವೈಫಲ್ಯ ಇತರರ ಮೇಲೆ ಬೀಳುವ ಹೊರೆಯದು. ಸವೆದ ರಬ್ಬರು ಮಾಯವಾಗುವುದಿಲ್ಲ. ಧೂಳಾಗಿ ಗಾಳಿಗೆ, ಮಳೆನೀರಿನೊಂದಿಗೆ ಹಳ್ಳಕೊಳ್ಳಗಳಿಗೆ ಸೇರುತ್ತದೆ. ಸಿಯಾಟಲ್ ಸುತ್ತಲಿನ ತೊರೆಗಳಿಗೆ ಮೊಟ್ಟೆಯಿಡಲು ಬರುತ್ತಿದ್ದ ಕೋಹೊ ಸಾಲ್ಮನ್ ಮೀನುಗಳು ಮಳೆ ಬಂದೊಡನೆ ಸಾಯುತ್ತಿದ್ದುದರ ಕಾರಣವನ್ನು ಸಂಶೋಧಕರು 2020ರ ಡಿಸೆಂಬರ್‌ನಲ್ಲಿ ಪ್ರಕಟಿಸಿದರು. ರಬ್ಬರು ಬಿರುಕು ಬಿಡದಂತೆ ಟೈರಿಗೆ ಬೆರೆಸುವ 6ಪಿಪಿಡಿ ಎಂಬ ರಾಸಾಯನಿಕ ಓಜೋನ್‌ನೊಂದಿಗೆ ವರ್ತಿಸಿ ಆ ಮೀನಿಗೆ ವಿಷವಾಗುತ್ತಿತ್ತು. ಈ ರಾಸಾಯನಿಕವಿರುವ ಟೈರುಗಳಿಗೆ ಸುರಕ್ಷಿತ ಪರ್ಯಾಯ ಹುಡುಕುವ ಹೊಣೆಯನ್ನು ಕ್ಯಾಲಿಫೋರ್ನಿಯ 2023ರ ಅಕ್ಟೋಬರ್‌ನಿಂದ ತಯಾರಕರ ಮೇಲೆ ಹೊರಿಸಿತು. ಐರೋಪ್ಯ ಒಕ್ಕೂಟ 2024ರಲ್ಲಿ ಅಂಗೀಕರಿಸಿದ ಯೂರೊ 7 ನಿಯಮಾವಳಿ ಹೊಗೆಯ ಕೊಳವೆಯಾಚೆಗೂ ಕಣ್ಣು ಹಾಯಿಸಿ, ಬ್ರೇಕಿನ ಧೂಳಿಗೂ ಟೈರಿನ ಸವೆತಕ್ಕೂ ಮಿತಿ ವಿಧಿಸುವ ದಾರಿ ತೆರೆದಿದೆ.

ಈ ವಾದವನ್ನು ವಿದ್ಯುತ್ ವಾಹನದ ವಿರುದ್ಧದ ಅಸ್ತ್ರವಾಗಿ ಬಳಸುವುದು ಅನ್ಯಾಯ. ಹೊಗೆ ಉಗುಳದಿರುವುದು ಸಣ್ಣ ಲಾಭವಲ್ಲ. ವೇಗ ತಗ್ಗಿಸುವಾಗ ಮೋಟಾರೇ ವಿದ್ಯುತ್ ಉತ್ಪಾದಿಸುವುದರಿಂದ ಬ್ರೇಕಿನ ಧೂಳೂ ಕಡಿಮೆ. ರಸ್ತೆ ಹಾನಿಯ ವಿಷಯದಲ್ಲೂ ಪ್ರಮಾಣಪ್ರಜ್ಞೆ ಬೇಕು. ಇಲಿನಾಯ್‌ನಲ್ಲಿ 1950ರ ದಶಕದ ಕೊನೆಯಲ್ಲಿ ನಡೆದ ಪ್ರಸಿದ್ಧ ರಸ್ತೆ ಪರೀಕ್ಷೆಯ ಪ್ರಕಾರ ಹಾನಿ ಅಚ್ಚಿನ ಭಾರದ ಸುಮಾರು ನಾಲ್ಕನೆಯ ಘಾತದಲ್ಲಿ ಏರುತ್ತದೆ. ಭಾರ ಇಮ್ಮಡಿಯಾದರೆ ಹಾನಿ ಹದಿನಾರು ಪಟ್ಟು. ಆದರೆ ಅದೇ ಸೂತ್ರದಂತೆ, ಅಮೆರಿಕದಲ್ಲಿ ಅನುಮತಿಯಿರುವ ಒಂಬತ್ತು ಟನ್ನಿನ ಲಾರಿ ಅಚ್ಚು ಈ ಟ್ರಕ್ಕಿನ ಅಚ್ಚಿಗಿಂತ ಸಾವಿರ ಪಟ್ಟು ಹೆಚ್ಚು ಹಾನಿ ಮಾಡುತ್ತದೆ. ದೂರು ವಿದ್ಯುತ್ತಿನ ಮೇಲಲ್ಲ, ಅನಗತ್ಯ ತೂಕದ ಮೇಲೆ. ಒಬ್ಬ ಮನುಷ್ಯನನ್ನು ಕಚೇರಿಗೆ ಒಯ್ಯಲು ಮೂರು ನಾಲ್ಕು ಟನ್ ಲೋಹ ಸಾಗಬೇಕೆ ಎಂಬುದೇ ಪ್ರಶ್ನೆ.

ನಾರ್ವೆ ಈ ಪ್ರಶ್ನೆಯನ್ನು ತೆರಿಗೆಯ ಭಾಷೆಯಲ್ಲಿ ಕೇಳಿದೆ. ವಿದ್ಯುತ್ ಕಾರುಗಳಿಗೆ ಧಾರಾಳ ರಿಯಾಯಿತಿ ಕೊಟ್ಟ ಆ ದೇಶ 2023ರ ಆರಂಭದಿಂದ ಅವುಗಳ ಮೇಲೂ ತೂಕ ಆಧಾರಿತ ತೆರಿಗೆ ಹಾಕಿತು. ಕರ್ನಾಟಕ 2024ರ ತಿದ್ದುಪಡಿಯಲ್ಲಿ 25 ಲಕ್ಷ ರೂಪಾಯಿ ಮೀರಿದ ವಿದ್ಯುತ್ ಕಾರುಗಳಿಗೆ ಶೇ 10ರಷ್ಟು ಜೀವಾವಧಿ ತೆರಿಗೆ ವಿಧಿಸಿತು. ಆಶಯ ಸರಿ, ಅಳತೆಗೋಲು ಬೇರೆ. ಬೆಲೆ ಕೊಳ್ಳುವವನ ಶಕ್ತಿಯನ್ನು ಹೇಳುತ್ತದೆ. ರಸ್ತೆಗೂ ಗಾಳಿಗೂ ಆಗುವ ಭಾರವನ್ನು ಹೇಳುವುದು ತೂಕ. ಎರಡು ಟನ್ ಮೀರಿದ ವಿದ್ಯುತ್ ಕಾರುಗಳು ನಮ್ಮ ರಸ್ತೆಗಳಿಗೂ ಬಂದಿವೆ. ಮೊದಲ ಜೊತೆ ಟೈರು ಸವೆದಾಗ ಕೊಲರಾಡೊದ ಪ್ರಶ್ನೆ ಇಲ್ಲಿಯೂ ಏಳಲಿದೆ. ಉರುಳು ಪ್ರತಿರೋಧ, ಒದ್ದೆ ರಸ್ತೆಯ ಹಿಡಿತ ಮತ್ತು ಸದ್ದಿಗೆ ಕನಿಷ್ಠ ಮಟ್ಟ ನಿಗದಿಪಡಿಸುವ ನಿಯಮವನ್ನು ಕೇಂದ್ರ ಸಾರಿಗೆ ಸಚಿವಾಲಯ 2022ರ ಜೂನ್‌ನಲ್ಲಿ ಅಧಿಸೂಚಿಸಿತು. ಇಂಧನ ದಕ್ಷತಾ ಬ್ಯೂರೊ ಸ್ವಯಂಪ್ರೇರಿತ ನೆಲೆಯಲ್ಲಿ ಟೈರಿಗೆ ನಕ್ಷತ್ರ ದರ್ಜೆಯನ್ನೂ ಆರಂಭಿಸಿತು. ಫ್ರಿಜ್ಜು ಕೊಳ್ಳುವಾಗ ನಕ್ಷತ್ರ ಎಣಿಸುವುದನ್ನು ಕಲಿತ ನಮ್ಮ ಮಧ್ಯಮ ವರ್ಗಕ್ಕೆ ಟೈರಿನ ನಕ್ಷತ್ರವೂ ಅಂಗಡಿಯ ಕಣ್ಣೆದುರಿನಲ್ಲೇ, ಕಡ್ಡಾಯವಾಗಿ ಸಿಗಬೇಕು. ಅದರಲ್ಲಿ ಸವೆತದ ಪ್ರಮಾಣವೂ ಸೇರಬೇಕು.

ಅಲ್ಲಿಯವರೆಗೆ ಗ್ರಾಹಕನಿಗೆ ತನ್ನ ಲೆಕ್ಕವೇ ಕಾವಲು. ಬಾಗಿಲ ಚೌಕಟ್ಟಿನ ಮೇಲೆ ತಯಾರಕರು ಅಂಟಿಸಿರುವ ಚೀಟಿಯ ಅಳತೆ ಮತ್ತು ಗಾಳಿಯ ಒತ್ತಡ ನೋಡಬೇಕು. ಭಾರಸೂಚಿ ಮೂಲ ಟೈರಿಗಿಂತ ಕೆಳಗಿಳಿಯಬಾರದು. ಪಕ್ಕದ ನಾಲ್ಕಂಕಿಯ ಸಂಕೇತದಿಂದ ತಯಾರಾದ ವಾರ ಮತ್ತು ವರ್ಷ ಗುರುತಿಸಬೇಕು. ನಾಲ್ಕೂ ಚಕ್ರಗಳಿಗೆ ಚಾಲನೆಯಿರುವ ವಾಹನಕ್ಕೆ ನಾಲ್ಕೂ ಟೈರನ್ನು ಒಟ್ಟಿಗೆ ಬದಲಿಸಿ, ಸುಮಾರು ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಸ್ಥಾನ ಬದಲಾಯಿಸಬೇಕು. ಕೊನೆಯದಾಗಿ, ವರ್ಷದಲ್ಲಿ ಎಷ್ಟು ದಿನ ಡಾಂಬರು ಬಿಟ್ಟು ಇಳಿಯುತ್ತೇನೆ ಎಂದು ತನ್ನನ್ನೇ ಕೇಳಿಕೊಳ್ಳಬೇಕು. ಉತ್ತರ ಬೆರಳೆಣಿಕೆಯಾದರೆ ಸೌಮ್ಯವಾದ ಹಲ್ಲಿನ ಟೈರೇ ಸಾಕು.

ಶುದ್ಧ ಸಾರಿಗೆಯೆಂಬುದು ಹೊಗೆಯ ಕೊಳವೆ ಕಿತ್ತೆಸೆದ ಮಾತ್ರಕ್ಕೆ ಕೈಗೂಡುವ ಸಿದ್ಧಿಯಲ್ಲ. ವಾಹನ ಹಗುರವಾಗಬೇಕು, ಅದರ ನಿಜವಾದ ಖರ್ಚು ಬೆಲೆಯಲ್ಲಿ ಕಾಣಬೇಕು, ಆ ಖರ್ಚನ್ನು ಉಂಟುಮಾಡಿದವನೇ ತೆರಬೇಕು. ಇಲ್ಲದಿದ್ದರೆ ಹಸಿರು ಫಲಕದ ವಾಹನವೂ ತನ್ನ ಭಾರವನ್ನು ಮೀನಿನ ಮೇಲೆ, ನೆರೆಯವನ ಶ್ವಾಸಕೋಶದ ಮೇಲೆ, ಎಲ್ಲರಿಗೂ ಸೇರಿದ ರಸ್ತೆಯ ಮೇಲೆ ಇಳಿಸಿ ನಿಶ್ಶಬ್ದವಾಗಿ ಮುಂದೆ ಸಾಗುತ್ತದೆ.